ಚಳಿಗಾಲಕ್ಕೆ ಬಾಡಿಗೆ ಮನೆ: ಗೋಡೆಗಿಂತ ಮೊದಲು ಬಚ್ಚಲಿನ ಕಿಟಕಿ ನೋಡಿ

ಪ್ರಶ್ನೆ: ಬೆಂಗಳೂರಿನಲ್ಲಿ 30-40 ಸೈಟಿನಲ್ಲಿ ನಮ್ಮದೊಂದು ಮೂರಂತಸ್ತಿನ ಮನೆ ಇದೆ. ಕಟ್ಟಿ 16 ವರ್ಷ ಆಯಿತು. ಐದು ಪೋರ್ಷನ್, ಐದೂ ಬಾಡಿಗೆಗೆ. ನಾವಿರುವುದು ಮೈಸೂರಿನಲ್ಲಿ. ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರುತ್ತೇನೆ. ಪ್ರತಿ ವರ್ಷ ದೀಪಾವಳಿ ಕಳೆದ ಕೂಡಲೇ ಫೋನು ಶುರು. ಕೆಳಗಿನ ಮನೆಯ ಉತ್ತರದ ಗೋಡೆಗೆ ಬೂಷ್ಟು. ಸೋಲಾರ್ ನೀರು ಬೆಳಗ್ಗೆ ಬಿಸಿ ಬರುವುದಿಲ್ಲ. ಎರಡನೇ ಮಹಡಿಯವರು ಸೋಲಾರ್ ಸಾಲದೆಂದು ತಾವೇ ಒಂದು ಗ್ಯಾಸ್ ಗೀಸರ್ ತಂದು ಬಾತ್‌ರೂಮಿನೊಳಗೆ ಹಾಕಿಸಿಕೊಂಡಿದ್ದಾರೆ. ಅವರಿಗೆ ಚಿಕ್ಕ ಮಗು ಇದೆ. ಚಳಿ, ಸೊಳ್ಳೆ ಅಂತ ವೆಂಟಿಲೇಟರಿಗೆ ರಟ್ಟು ಹಚ್ಚಿದ್ದಾರೆ. ನಮ್ಮ ಭಾವ "ಗ್ಯಾಸ್ ಲೀಕ್ ಆದರೆ ವಾಸನೆ ಬರುತ್ತೆ, ಸುಮ್ನೆ ಹೆದರಬೇಡ" ಅನ್ನುತ್ತಾರೆ. ಪೇಂಟರ್ "ಒಳಗಡೆ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಸಾಕು" ಅನ್ನುತ್ತಾನೆ. ಈ ಸಲ ಚಳಿ ಜೋರಾಗುವ ಮುಂಚೆ ಎಲ್ಲ ಸರಿ ಮಾಡಿಸಬೇಕು ಅಂತಿದ್ದೇನೆ. ಕೈಯಲ್ಲಿರುವ ದುಡ್ಡು ಕಡಿಮೆ. ಯಾವುದು ಮೊದಲು? ಅವರೇ ತಂದ ಗೀಸರಿಗೆ ನಾನು ಹೊಣೆಯಾ?

ಉತ್ತರ: ನಿಮ್ಮ ಪತ್ರದಲ್ಲಿ ಬೂಷ್ಟು ಮೊದಲು ಬಂದಿದೆ, ರಟ್ಟು ಆಮೇಲೆ ಬಂದಿದೆ. ಬೂಷ್ಟು ಇನ್ನೂ ಒಂದು ತಿಂಗಳು ಕಾಯುತ್ತದೆ. ಆ ರಟ್ಟು ಒಂದು ದಿನವೂ ಅಲ್ಲಿರಬಾರದು. ಇದನ್ನು ಪೂರ್ತಿ ಓದುವ ಮುಂಚೆಯೇ ಎರಡನೇ ಮಹಡಿಯವರಿಗೆ ಫೋನ್ ಮಾಡಿ. ರಟ್ಟು ಕಿತ್ತುಹಾಕಲಿ, ಗೀಸರಿನ ಸಿಲಿಂಡರ್ ಬಂದ್ ಮಾಡಲಿ. ಒಂದೆರಡು ವಾರ ಅಡುಗೆಮನೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಲಿ. ಫೋನ್ ಮಾಡಿ ಬನ್ನಿ, ಉಳಿದದ್ದು ಮಾತಾಡೋಣ.

ನಮ್ಮೂರಿನ ಚಳಿ ಪೈಪ್ ಒಡೆಯುವ ಚಳಿಯಲ್ಲ. ಅಮೆರಿಕದಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವ ನಮ್ಮವರು ನಲ್ಲಿಯೊಳಗೆ ನೀರು ಹೆಪ್ಪುಗಟ್ಟೀತು ಅಂತ ಹೆದರುತ್ತಾರೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಇಲ್ಲಿ ಚಳಿಯಿಂದ ಮನೆಗೆ ಏನೂ ಆಗುವುದಿಲ್ಲ. ಚಳಿ ಅಂತ ಜನ ಕಿಟಕಿ ಮುಚ್ಚುತ್ತಾರಲ್ಲ, ತೊಂದರೆಯೆಲ್ಲ ಅಲ್ಲಿಂದ ಶುರು. ನಿಮ್ಮ ಮೂರು ದೂರುಗಳಲ್ಲಿ ಎರಡರ ಬೇರು ಅಲ್ಲೇ ಇದೆ.

ಭಾವ ಹೇಳಿದ್ದು ಅರ್ಧ ನಿಜ. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ಅದಕ್ಕೆ ಕೆಟ್ಟ ವಾಸನೆಯ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಆದರೆ ಬಚ್ಚಲಲ್ಲಿ ಜನ ಸಾಯುವುದು ಸೋರಿದ ಗ್ಯಾಸಿನಿಂದ ಅಲ್ಲ, ಉರಿದ ಗ್ಯಾಸಿನಿಂದ. ಗಾಳಿ ಸಾಲದೆ ಬೆಂಕಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರಿಸುವುದಿಲ್ಲ. ವಾಸನೆಯ ಮರ್ಕ್ಯಾಪ್ಟನ್ ಬೆಂಕಿಯಲ್ಲಿ ಸುಟ್ಟೇ ಹೋಗಿರುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಈ ಅನಿಲವನ್ನು 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆ ಭಾರ, ಆಮೇಲೆ ವಾಕರಿಕೆ, ಆಮೇಲೆ ಕಾಲಲ್ಲಿ ಶಕ್ತಿ ಇಲ್ಲ. ಚಿಲಕ ಎರಡಡಿ ದೂರದಲ್ಲಿದ್ದರೂ ಕೈ ಏಳುವುದಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ನಿಮ್ಮಂಥ ಮನೆಗಳಲ್ಲಿ ಬಚ್ಚಲು ಸಾಮಾನ್ಯವಾಗಿ 4 ಅಡಿಗೆ 6 ಅಡಿ, ಎತ್ತರ 9 ಅಡಿ. ಅಂದರೆ ಸುಮಾರು 6 ಘನ ಮೀಟರ್ ಗಾಳಿ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗ್ಯಾಸ್ ಗೀಸರ್ ಹತ್ತು-ಹನ್ನೆರಡು ಕಿಲೋವ್ಯಾಟ್ ಬೆಂಕಿ. ಅಡುಗೆ ಒಲೆಯ ನಾಲ್ಕು ಬರ್ನರ್ ಒಟ್ಟಿಗೆ ಜೋರಾಗಿ ಉರಿಸಿದ ಹಾಗೆ. ಒಂದು ಕಿಲೋ ಗ್ಯಾಸ್ ಸರಿಯಾಗಿ ಉರಿಯಲು 12 ಘನ ಮೀಟರ್ ಗಾಳಿ ಬೇಕು, ಈ ಗೀಸರ್ ಗಂಟೆಗೆ ಹತ್ತಿರ ಹತ್ತಿರ ಒಂದು ಕಿಲೋ ಗ್ಯಾಸ್ ತಿನ್ನುತ್ತದೆ. ಗಂಡ ಕಾಲು ಗಂಟೆ, ಹೆಂಡತಿ-ಮಗು ಕಾಲು ಗಂಟೆ ಸ್ನಾನ ಮಾಡುವಷ್ಟರಲ್ಲಿ ಇಡೀ ಬಚ್ಚಲಿನಲ್ಲಿರುವಷ್ಟು ಗಾಳಿಯನ್ನು ಬೆಂಕಿ ಬೇಡುತ್ತದೆ. ಗಾಳಿ ಪೂರ್ತಿ ಮುಗಿಯಬೇಕಾಗಿಯೂ ಇಲ್ಲ. ಉರಿದ ಗಾಳಿಯೇ ಸುತ್ತಿ ಬರ್ನರಿಗೆ ವಾಪಸ್ ಹೋಗಲು ಶುರುವಾದರೆ ವಿಷ ಹುಟ್ಟಲು ಅಷ್ಟೇ ಸಾಕು. ಎರಡನೆಯವರಾಗಿ ಸ್ನಾನಕ್ಕೆ ಹೋದವರಿಗೇ ಅಪಾಯ ಜಾಸ್ತಿ. ಅದು ಸಾಮಾನ್ಯವಾಗಿ ಮನೆಯ ಹೆಂಗಸು, ಜೊತೆಗೆ ಮಗು.

ಬೇಸಿಗೆಯಲ್ಲಿ ಅದೇ ಗೀಸರ್ ಏನೂ ಮಾಡಿರುವುದಿಲ್ಲ. "ನಾಲ್ಕು ವರ್ಷದಿಂದ ಇದೆ, ಏನಾಯ್ತು?" ಅನ್ನುವವರು ಇದನ್ನು ಮರೆಯುತ್ತಾರೆ. ಚಳಿಯಲ್ಲಿ ತಣ್ಣೀರು ಇನ್ನೂ ತಣ್ಣಗಿರುತ್ತದೆ, ಬೆಂಕಿ ಜಾಸ್ತಿ ಹೊತ್ತು ಉರಿಯುತ್ತದೆ, ಸ್ನಾನ ಉದ್ದವಾಗುತ್ತದೆ, ಕಿಟಕಿ ಮುಚ್ಚಿರುತ್ತದೆ.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಮನೆಗೆ ಹೋಗಿದ್ದೆ. ಬಚ್ಚಲಿನ ಬಾಗಿಲ ಕೆಳಗಿಂದ ನೀರು ಹಾಲಿಗೆ ಹರಿದುಬಂತು ಅಂತ ಅತ್ತೆ ಬಾಗಿಲು ಬಡಿದಿದ್ದರು. ಉತ್ತರವಿಲ್ಲ. ಪಕ್ಕದ ಮನೆಯ ಹುಡುಗ ಒದ್ದು ತೆಗೆದ. ಸೊಸೆ ಬಕೆಟ್ಟಿನ ಪಕ್ಕ ಬಿದ್ದಿದ್ದಳು. ನೀರು ಹರಿದಿದ್ದಕ್ಕೆ ಬದುಕಿದಳು. ಮಾರನೇ ದಿನ ನಾನು ನೋಡಿದಾಗ ವೆಂಟಿಲೇಟರಿನ ಗಾಜಿನ ಪಟ್ಟಿಗಳ ಮಧ್ಯೆ ಥರ್ಮಾಕೋಲ್ ತುರುಕಿ, ಮೇಲೆ ಹಳೇ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದರು. ತುಂಬಾ ನೀಟಾಗಿ, ನಾಲ್ಕೂ ಕಡೆ ಸೆಲ್ಲೋಟೇಪ್. ಗೀಸರಿನ ನೆತ್ತಿಯ ಮೇಲೆ ಮಸಿ ಕಟ್ಟಿತ್ತು. ಉರಿ ನೀಲಿಯಾಗಿರಬೇಕು, ಅಲ್ಲಿ ತುದಿಯೆಲ್ಲ ಹಳದಿ. ನಿಮ್ಮ ಬಾಡಿಗೆದಾರರ ಗೀಸರಿನಲ್ಲೂ ಇವೆರಡನ್ನು ನೋಡಿ. ಆದರೆ ಉರಿ ನೀಲಿ ಇದೆ ಅಂತ ನಿಶ್ಚಿಂತೆ ಬೇಡ. ಗಾಳಿ ಕಡಿಮೆಯಾಗುವವರೆಗೂ ನೀಲಿಯೇ ಇರುತ್ತದೆ.

ಆಸ್ಪತ್ರೆಯ ವಿಷಯ ಒಂದು ಹೇಳಿಬಿಡುತ್ತೇನೆ. ಹೀಗೆ ಯಾರಾದರೂ ಬಿದ್ದರೆ ಸಿಲಿಂಡರ್ ಬಂದ್ ಮಾಡಿ, ಬಯಲಿಗೆ ಎಳೆದುಕೊಂಡು ಬಂದು 108ಕ್ಕೆ ಕರೆ ಮಾಡಿ. ವೈದ್ಯರಿಗೆ "ಬಚ್ಚಲಲ್ಲಿ ಗ್ಯಾಸ್ ಗೀಸರ್ ಇತ್ತು" ಅಂತ ಮೊದಲೇ ಹೇಳಿ. ಬೆರಳಿಗೆ ಹಾಕುವ ಕ್ಲಿಪ್ಪಿನ ಆಕ್ಸಿಮೀಟರ್ ಈ ವಿಷವನ್ನು ಆಮ್ಲಜನಕ ಅಂತಲೇ ಓದುತ್ತದೆ. 98 ತೋರಿಸುತ್ತಿದ್ದರೂ ಮನುಷ್ಯ ಸಾಯುತ್ತಿರಬಹುದು.

ಈಗ ದಾರಿಗಳು. ನನ್ನ ಆಯ್ಕೆ, ಗೀಸರನ್ನು ಬಚ್ಚಲಿನಿಂದ ಹೊರಗೆ ಹಾಕುವುದು. ಯುಟಿಲಿಟಿ ಬಾಲ್ಕನಿ ಇದ್ದರೆ ಅಲ್ಲಿ ಗೋಡೆಗೆ ಕೂರಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಒಬ್ಬ ಪ್ಲಂಬರಿಗೆ ಒಂದು ದಿನದ ಕೆಲಸ. ಆದರೆ ಯುಟಿಲಿಟಿಗೆ ಮಳೆ, ಚಳಿ ಅಂತ ಗಾಜು ಮುಚ್ಚಿಸಿದ್ದರೆ ಅದೂ ಇನ್ನೊಂದು ಬಚ್ಚಲೇ. ಜಾಲರಿ ಇರಬೇಕು, ಗಾಜು ಇರಬಾರದು. ಗಾಳಿಗೆ ಉರಿ ಆರಿದರೆ ತಾನೇ ಗ್ಯಾಸ್ ನಿಲ್ಲಿಸುವ ವ್ಯವಸ್ಥೆ ಆ ಗೀಸರಿಗೆ ಇದೆಯಾ ಅಂತಲೂ ಕೇಳಿ.

ಎರಡನೆಯದು ಕರೆಂಟ್ ಗೀಸರ್. 15 ಲೀಟರಿನದು, 2 ಕಿಲೋವ್ಯಾಟ್, ಹದಿನೈದು-ಇಪ್ಪತ್ತು ನಿಮಿಷದಲ್ಲಿ ನೀರು ಕಾಯುತ್ತದೆ. ಇಲ್ಲಿನ ಅಪಾಯವೇ ಬೇರೆ. ಅದು ಎಳೆಯುವುದು ಸುಮಾರು 9 ಆಂಪಿಯರ್. 3 ಕಿಲೋವ್ಯಾಟಿನ ಇನ್‌ಸ್ಟಂಟ್ ಆದರೆ 13. ಬಚ್ಚಲಿನ ಲೈಟಿಗೆ ಎಳೆದ ಸಣ್ಣ ವೈರಿಗೆ ಇದನ್ನು ಸಿಕ್ಕಿಸಿದರೆ ಗೋಡೆಯೊಳಗೇ ವೈರು ಸುಡುತ್ತದೆ. 16 ಆಂಪಿಯರ್ ಸಾಕೆಟ್, ಮೀಟರ್ ಬೋರ್ಡಿನಿಂದ ಬೇರೆ ವೈರು, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್ಚು), ಸರಿಯಾದ ಅರ್ತಿಂಗ್. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಕರೆಂಟ್ ಗೀಸರ್ ಬೇಡ. ಎಷ್ಟು ಲೋಡ್ ಮಂಜೂರಾಗಿದೆ ಅಂತ ಬೆಸ್ಕಾಂ ಬಿಲ್ಲಿನಲ್ಲೇ ಬರೆದಿರುತ್ತದೆ, ಅದನ್ನೂ ನೋಡಿಕೊಳ್ಳಿ. ಬಕೆಟ್ಟಿಗೆ ಹಾಕುವ ಕಾಯಿಲ್ ಬಗ್ಗೆ ಕೇಳಲೇಬೇಡಿ. ಮಗು ಇರುವ ಮನೆಯಲ್ಲಿ ಅದು ಬೇಡವೇ ಬೇಡ.

ಮೂರನೆಯದು, ಗೀಸರ್ ಅಲ್ಲೇ ಇರಲಿ, ವೆಂಟಿಲೇಟರ್ ತೆರೆದಿಡಿಸಿ ಎಕ್ಸಾಸ್ಟ್ ಫ್ಯಾನ್ ಹಾಕಿಸೋಣ ಅನ್ನುವುದು. ಅಗ್ಗದ ದಾರಿ, ಅದಕ್ಕೇ ಎಲ್ಲರಿಗೂ ಇಷ್ಟ. ನಾನು ಒಪ್ಪುವುದಿಲ್ಲ. ಮುಚ್ಚಿದ ಬಾಗಿಲ ಹಿಂದೆ ಫ್ಯಾನ್ ತಿರುಗಿದರೆ ಹೊರಗೆ ಹೋಗುವ ಗಾಳಿಗೆ ಬದಲು ಗಾಳಿ ಎಲ್ಲಿಂದ ಬರಬೇಕು? ಬಾಗಿಲ ಕೆಳಗೆ ಜಾಲರಿ ಕೊರೆಸದೆ ಇದ್ದರೆ ಫ್ಯಾನ್ ಸುಮ್ನೆ ಸದ್ದು ಮಾಡುತ್ತದೆ ಅಷ್ಟೇ. ಕೊರೆಸಿದರೂ, ಮುಂದಿನ ಚಳಿಗೆ ಇನ್ನೊಂದು ರಟ್ಟು ಬರುವುದಿಲ್ಲ ಅಂತ ಯಾರು ಹೇಳಬೇಕು? ಬಾಗಿಲು ಸ್ವಲ್ಪ ತೆರೆದಿಟ್ಟರೆ ಸಾಕು ಅನ್ನುವ ಸಲಹೆಯೂ ಹೀಗೇ. ಸ್ನಾನಕ್ಕೆ ಹೋದವರು ಬಾಗಿಲು ಹಾಕಿಕೊಂಡೇ ಹಾಕಿಕೊಳ್ಳುತ್ತಾರೆ, ಅಲ್ವಾ?

ಯಾವ ದಾರಿ ಹಿಡಿದರೂ ಗ್ಯಾಸ್ ಇರುವ ಪೋರ್ಷನ್‌ಗೆ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೊಡಿಸಿ. ಬಚ್ಚಲೊಳಗೆ ಬೇಡ, ಹಬೆಗೆ ಕೆಡುತ್ತದೆ. ಬಚ್ಚಲು ಮತ್ತು ಮಲಗುವ ಕೋಣೆಯ ಮಧ್ಯದ ಗೋಡೆಗೆ ಹಾಕಿಸಿ. ಬಾಣಂತಿಗೆ, ಮಗುವಿಗೆ ಅಂತ ಕೋಣೆ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವ ಮನೆಗಳು ಇನ್ನೂ ಇವೆ. ಕಟ್ಟಡ ಕಾಯುವವರು ಶೆಡ್ಡಿನೊಳಗೆ ಇದ್ದಿಲು ಹಾಕಿಕೊಂಡು ಮಲಗುತ್ತಾರೆ. ಅದೂ ಇದೇ ವಿಷ. ನಿಮ್ಮ ಕೆಳಗಿನ ಮನೆಯವರಿಗೂ ಒಂದು ಮಾತು ಹೇಳಿಡಿ.

ಹೊಣೆಯ ಪ್ರಶ್ನೆ. ಏನಾದರೂ ಆದರೆ ಕೇಸು ಯಾರ ಮೇಲೆ ಅನ್ನುವುದನ್ನು ವಕೀಲರು ಹೇಳಬೇಕು, ನಾನು ಕಟ್ಟಡದವನು. ಆದರೆ ಗೀಸರ್ ಅವರದ್ದಾದರೂ ಬಚ್ಚಲು ನಿಮ್ಮದು. ಅದು ಒಳಗಿದೆ ಅಂತ ನಿಮಗೆ ಈಗ ಗೊತ್ತು ಕೂಡ. ಮುಂದಿನ 11 ತಿಂಗಳ ಅಗ್ರಿಮೆಂಟಿನಲ್ಲಿ ಒಂದು ಸಾಲು ಸೇರಿಸಿ: ಬಚ್ಚಲೊಳಗೆ ಗ್ಯಾಸ್ ಗೀಸರ್ ಹಾಕುವಂತಿಲ್ಲ, ವೆಂಟಿಲೇಟರ್ ಮುಚ್ಚುವಂತಿಲ್ಲ. ಸಾಲು ಬರೆದು ಬಿಸಿನೀರು ಕೊಡದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. ಅವರು ಗೀಸರ್ ತಂದದ್ದು ಶೋಕಿಗಲ್ಲ, ನಿಮ್ಮ ಸೋಲಾರ್ ಕೈಕೊಟ್ಟಿದ್ದಕ್ಕೆ. ವೆಂಟಿಲೇಟರಿಗೆ ಸೊಳ್ಳೆ ಜಾಲರಿ ನೀವೇ ಹಾಕಿಸಿಕೊಡಿ, ರಟ್ಟಿಗೆ ಅರ್ಧ ಕಾರಣ ಹೋಗುತ್ತದೆ.

ಹಾಗಾಗಿ ಸೋಲಾರ್. ಟ್ಯೂಬು ಹೆಚ್ಚಿಸಿ ಅಂತ ಯಾರಾದರೂ ಹೇಳಿದರೆ ದುಡ್ಡು ಬಿಚ್ಚುವ ಮುಂಚೆ ಮೂರು ವಿಷಯ ನೋಡಿ.

ಮೊದಲನೆಯದು ನೆರಳು. ನಿಮ್ಮ ದಕ್ಷಿಣಕ್ಕೆ ಈಚೆಗೆ ಯಾರಾದರೂ ಮಹಡಿ ಏರಿಸಿದ್ದಾರಾ? ಬೆಂಗಳೂರಿನಲ್ಲಿ ಮೇ-ಜೂನಿನ ಮಧ್ಯಾಹ್ನ ಸೂರ್ಯ ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ದಕ್ಷಿಣದ ಕಟ್ಟಡ ಆಗ ಅಡ್ಡ ಬರುವುದಿಲ್ಲ. ಡಿಸೆಂಬರಿನಲ್ಲಿ ಅವನು ದಕ್ಷಿಣಕ್ಕೆ ಜಾರಿ, ನಡು ಮಧ್ಯಾಹ್ನವೂ ಸುಮಾರು 53 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ನಿಮ್ಮ ತಾರಸಿಗಿಂತ 20 ಅಡಿ ಎತ್ತರದ ಪಕ್ಕದ ಗೋಡೆ ಆಗ 15 ಅಡಿ ನೆರಳು ಚೆಲ್ಲುತ್ತದೆ, ಬೆಳಗ್ಗೆ ಸಂಜೆ ಇನ್ನೂ ಉದ್ದ. ಬೇಸಿಗೆಯಲ್ಲಿ ಬಂದು ನೋಡಿದ ಮೆಕ್ಯಾನಿಕ್‌ಗೆ ಇದು ಕಾಣುವುದೇ ಇಲ್ಲ. ಈಗ ಬೆಳಗ್ಗೆ 9ಕ್ಕೆ, 12ಕ್ಕೆ, 3ಕ್ಕೆ ತಾರಸಿಯ ಫೋಟೋ ತೆಗೆದು ಕಳಿಸಲು ಮೇಲಿನ ಮನೆಯವರಿಗೆ ಹೇಳಿ. ಪ್ಯಾನಲ್ಲನ್ನು ನಾಲ್ಕು ಅಡಿ ಜರುಗಿಸಿದರೆ ಮುಗಿಯುವ ಕೆಲಸಕ್ಕೆ ಹೊಸ ಸೋಲಾರ್ ಹಾಕಿಸಿದವರನ್ನು ನೋಡಿದ್ದೇನೆ.

ಎರಡನೆಯದು ಕಳ್ಳ ತಣ್ಣೀರು. ಐದು ಮನೆಗಳಲ್ಲಿ ಯಾವುದೋ ಒಂದರಲ್ಲಿ ಬಿಸಿನೀರು-ತಣ್ಣೀರು ಬೆರೆಸುವ ನಲ್ಲಿ, ಅಂದರೆ ಮಿಕ್ಸರ್, ಎರಡೂ ಕಡೆ ತೆರೆದಿರುತ್ತದೆ, ತುದಿಯಲ್ಲಿ ಶವರ್ ಮಾತ್ರ ಬಂದ್ ಆಗಿರುತ್ತದೆ. ಆ ದಾರಿಯಲ್ಲಿ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಎಲ್ಲರೂ ಸೋಲಾರನ್ನು ಬೈಯುತ್ತಾರೆ. ಪರೀಕ್ಷೆ ಸುಲಭ. ತಾರಸಿಯಲ್ಲಿ ಸೋಲಾರ್ ಟ್ಯಾಂಕಿನಿಂದ ಬಿಸಿನೀರು ಹೊರಡುವ ವಾಲ್ವ್ ಮುಚ್ಚಿ. ಕೆಳಗೆ ಒಂದು ಬಿಸಿನೀರಿನ ನಲ್ಲಿ ತೆರೆಯಿರಿ. ಪೈಪಿನಲ್ಲಿ ಉಳಿದ ನೀರು ಬಂದು ನಿಲ್ಲಬೇಕು. ಎರಡು ನಿಮಿಷವಾದರೂ ನಿಲ್ಲದಿದ್ದರೆ ಎಲ್ಲೋ ತಣ್ಣೀರು ಸೇರುತ್ತಿದೆ. ಒಂದೊಂದೇ ಮನೆಯ ಮಿಕ್ಸರ್ ಬಂದ್ ಮಾಡುತ್ತಾ ಹೋಗಿ, ಕಳ್ಳ ಸಿಗುತ್ತಾನೆ. ಅಲ್ಲಿ ನೀರನ್ನು ಒಂದೇ ದಿಕ್ಕಿಗೆ ಬಿಡುವ ಒಂದು ನಾನ್‌ರಿಟರ್ನ್ ವಾಲ್ವ್ ಹಾಕಿದರೆ ಮುಗಿಯಿತು.

ಮೂರನೆಯದು ದೂರ. ತಾರಸಿಯಿಂದ ನೆಲಮಹಡಿಗೆ 50 ಅಡಿ ಮುಕ್ಕಾಲಿಂಚು ಪೈಪ್ ಅಂದರೆ ಅದರೊಳಗೆ ಸುಮಾರು 4 ಲೀಟರ್ ನೀರು ರಾತ್ರಿಯೆಲ್ಲ ತಣ್ಣಗೆ ನಿಂತಿರುತ್ತದೆ. ಆಮೇಲೆ ಬರುವ ಬಿಸಿನೀರೂ ಪೈಪನ್ನೇ ಬಿಸಿ ಮಾಡುತ್ತಾ ಬರುತ್ತದೆ. ಪೈಪಿಗೆ ಕಪ್ಪು ಫೋಮ್ ಸುತ್ತಿದರೆ ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡುವಾಗ ಅನುಕೂಲ, ರಾತ್ರಿಯಿಡೀ ಬಿಸಿ ಉಳಿಸುವುದಿಲ್ಲ. ಬೋರ್‌ವೆಲ್ ನೀರಾದರೆ ಟ್ಯೂಬಿನೊಳಗೆ ಸುಣ್ಣ ಕಟ್ಟಿರುತ್ತದೆ, ಮಳೆ ಮುಗಿದ ಮೇಲೆ ಒಮ್ಮೆ ತೊಳೆಸಿ. ಇಷ್ಟೆಲ್ಲ ಮಾಡಿದರೂ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೂರು ದಿನ ಮೋಡ ಮುಚ್ಚಿದರೆ ಸೋಲಾರ್ ಏನೂ ಮಾಡಲಾರದು. ಆ ಮೂರು ದಿನಕ್ಕೆ ಒಂದು ಗೀಸರ್ ಇರಲೇಬೇಕು.

ಕೊನೆಗೆ ಬೂಷ್ಟು. ಸೂರ್ಯ ದಕ್ಷಿಣಕ್ಕೆ ಜಾರಿದನಲ್ಲ, ನಿಮ್ಮ ಉತ್ತರದ ಗೋಡೆಗೆ ನವೆಂಬರಿನಿಂದ ಬಿಸಿಲೇ ಇಲ್ಲ. ಅಕ್ಟೋಬರಿನ ಹಿಂಗಾರು ಮಳೆ ಕುಡಿದ ಗೋಡೆ ಒಣಗದೆ ಚಳಿಗೆ ಸಿಕ್ಕಿಕೊಂಡಿರುತ್ತದೆ. ಒಳಗೆ ಅನ್ನ ಬೇಯುತ್ತದೆ, ಮಗುವಿನ ಬಟ್ಟೆ ಒಣಗುತ್ತದೆ, ಕಿಟಕಿ ಮುಚ್ಚಿರುತ್ತದೆ. ಹಬೆ ಹೋಗಿ ಆ ತಣ್ಣನೆ ಗೋಡೆಗೇ ಕೂರುತ್ತದೆ. ಈಗ ತೇವ ಹೊರಗಿನಿಂದ ಬಂದದ್ದಾ, ಒಳಗಿನಿಂದ ಕೂತದ್ದಾ? ಓನರ್ "ನೀವು ಕಿಟಕಿ ತೆಗೆಯಲ್ಲ" ಅನ್ನುತ್ತಾರೆ, ಬಾಡಿಗೆದಾರರು "ನಿಮ್ಮ ಗೋಡೆ ಸೋರುತ್ತೆ" ಅನ್ನುತ್ತಾರೆ. ಎರಡೂ ನಿಜ ಇರಬಹುದು.

ಜಗಳ ಬಿಡಿಸಲು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಬೂಷ್ಟಿನ ಪಕ್ಕದ ಜಾಗವನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಒಂದೂವರೆ ಅಡಿ ಚೌಕದ ಫಾಯಿಲ್ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಬಿಗಿಯಾಗಿ ಹಚ್ಚಿ. ಎರಡು ದಿನ ಬಿಡಿ. ಕೋಣೆಯ ಕಡೆಯ ಮುಖ ಬೆವರಿದ್ದರೆ ಅದು ಹಬೆ. ಗೋಡೆಯ ಕಡೆಯ ಮುಖ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಬೂಷ್ಟು ಎಲ್ಲಿದೆ ಅನ್ನುವುದೂ ಕಥೆ ಹೇಳುತ್ತದೆ. ಮೊಣಕಾಲಿನ ಕೆಳಗೆ, ಬಿಳಿ ಉಪ್ಪಿನ ಪುಡಿಯ ಜೊತೆಗೆ ಇದ್ದರೆ ನೆಲದಿಂದ ಏರಿದ ತೇವ. ಛಾವಣಿ ಹತ್ತಿರ ಇದ್ದರೆ ಮೇಲಿನ ಮನೆಯ ಬಚ್ಚಲು ಅಥವಾ ಪೈಪ್. ಬೀರು ಹಿಂದೆ, ಮೂಲೆಯಲ್ಲಿ ಇದ್ದರೆ ಬಹುಮಟ್ಟಿಗೆ ಹಬೆ.

ಹಬೆಯಾದರೆ ಖರ್ಚು ಕಡಿಮೆ. ಬೀರು ಗೋಡೆಯಿಂದ ನಾಲ್ಕು ಇಂಚು ಜರುಗಲಿ. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ತಾರಸಿಯಲ್ಲಿ ಐದೂ ಮನೆಗೆ ಬಟ್ಟೆ ಒಣಗಿಸಲು ಜಾಗ, ಮೇಲೊಂದು ಶೀಟು ಮಾಡಿಕೊಡಿ. ಒಂದು ಕೋಣೆಯಲ್ಲಿ ಇರುವವರಿಗೆ "ಬಟ್ಟೆ ಒಳಗೆ ಒಣಗಿಸಬೇಡಿ" ಅಂದರೆ ಅವರೇನು ತಲೆ ಮೇಲೆ ಒಣಗಿಸಿಕೊಳ್ಳಬೇಕಾ? ಬೂಷ್ಟನ್ನು ನೀರು ಬೆರೆಸಿದ ಬ್ಲೀಚಿನಲ್ಲಿ ಒರೆಸಲಿ, ಕಿಟಕಿ ತೆರೆದಿಟ್ಟುಕೊಂಡು. ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಬೆರೆಸಬಾರದು, ಕ್ಲೋರಿನ್ ಅನಿಲ ಏಳುತ್ತದೆ.

ಗೋಡೆಯೊಳಗಿನ ನೀರಾದರೆ ಪೇಂಟರ್ ಹೇಳಿದ್ದು ತಪ್ಪು ದಾರಿ. ಒಳಗಿನಿಂದ ವಾಟರ್‌ಪ್ರೂಫ್ ಹೊಡೆದರೆ ನೀರು ಒಳಗೇ ಉಳಿಯುತ್ತದೆ. ಈ ತಪ್ಪು ನಾನೇ ಮಾಡಿದ್ದೇನೆ, ಅದೂ ನನ್ನ ಸ್ವಂತ ಮನೆಗೆ. ಡಿಸೆಂಬರಿನಲ್ಲಿ ನೆಂಟರು ಬರುತ್ತಾರೆ ಅಂತ ಅವಸರಕ್ಕೆ ಬಳಿಸಿದೆ. ಯುಗಾದಿ ಹೊತ್ತಿಗೆ ಪೇಂಟು ಹಪ್ಪಳದ ಹಾಗೆ ಉಬ್ಬಿ, ಮುಟ್ಟಿದರೆ ಹಿಂದಿನಿಂದ ಉಪ್ಪು ಉದುರುತ್ತಿತ್ತು. ರಿಪೇರಿ ಹೊರಗಿನಿಂದ ಆಗಬೇಕು. ಗೋಡೆಯ ಬಿರುಕು, ಸಜ್ಜೆಯ ಸಂದು, ಮಳೆನೀರಿನ ಪೈಪಿನ ಜೋಡಣೆ ಮೊದಲು. ಆಮೇಲೆ ಗೋಡೆ ಒಣಗಲು ಬಿಡಿ. ಬೆಂಗಳೂರಿನಲ್ಲಿ ಪೇಂಟಿಗೆ ಫೆಬ್ರವರಿಯಷ್ಟು ಒಳ್ಳೇ ತಿಂಗಳಿಲ್ಲ.

ಈ ರಿಪೇರಿಯನ್ನು ವರ್ಷ ವರ್ಷ ಮುಂದೂಡಬೇಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಓನರ್ ಮಾಡಿಸಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಮಯಕ್ಕೆ ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಅಗ್ರಿಮೆಂಟಿನಲ್ಲಿ ಬೇರೆ ಬರೆದಿಲ್ಲದಿದ್ದರೆ ಅದು ನಿಮಗೂ ಅನ್ವಯಿಸುತ್ತದೆ.

ಕೈಯಲ್ಲಿ ದುಡ್ಡು ಕಡಿಮೆ ಅಂದಿರಲ್ಲ. ಈ ವಾರ ಎರಡನೇ ಮಹಡಿಗೆ ವೆಂಟಿಲೇಟರ್ ಜಾಲರಿ ಮತ್ತು ಅಲಾರಂ. ಈ ತಿಂಗಳೊಳಗೆ ಗ್ಯಾಸ್ ಗೀಸರ್ ಬಚ್ಚಲಿನಿಂದ ಹೊರಗೆ, ಇಲ್ಲವೇ ಅಲ್ಲಿಗೆ ಕರೆಂಟ್ ಗೀಸರಿನ ಬೇರೆ ವೈರು, ಆರ್‌ಸಿಸಿಬಿ. ಸೋಲಾರಿನ ವಾಲ್ವ್ ಪರೀಕ್ಷೆಗೆ ಖರ್ಚೇ ಇಲ್ಲ, ಮುಂದಿನ ಸಲ ಬೆಂಗಳೂರಿಗೆ ಹೋದಾಗ ನೀವೇ ಮಾಡಿ. ಅವತ್ತೇ ಕೆಳಗಿನ ಮನೆಗೆ ಫಾಯಿಲ್ ಅಂಟಿಸಿ ಬನ್ನಿ. ಎರಡು ದಿನ ಬಿಟ್ಟು ಯಾವ ಮುಖ ಒದ್ದೆಯಿತ್ತು ಅಂತ ಅವರು ಫೋನ್ ಮಾಡಿ ಹೇಳುವವರೆಗೆ ಪೇಂಟರಿಗೆ ಅಡ್ವಾನ್ಸ್ ಕೊಡಬೇಡಿ.